ಗುಬ್ಬಿಗೆ ಬಂದ ಇಪ್ಪತ್ತರ ಹುಡುಗ



ಬೆಂಗಳೂರಿನಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರಾದರೂ ಇವರನ್ನು ಕಂಡಿರಬೇಕು. ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ, ಬೆನ್ನಿಗೊಂದು ಚೀಲ. ಇನ್ನೂ ಮೀಸೆ ಬಲಿಯದ ಇಬ್ಬರು ಹುಡುಗರು ಜೊತೆಜೊತೆಯಾಗಿ ನಡೆದು ಹೋಗುತ್ತಿರುತ್ತಾರೆ. ಯಾವುದೋ ಕಂಪನಿಯ ಸಾಮಾನು ಮಾರುವವರಿರಬೇಕೆಂದು ನೋಡಿದವರು ಭಾವಿಸುವುದುಂಟು. ಅವರು ಮಾರುವವರಲ್ಲ, ಧರ್ಮಪ್ರಚಾರಕರು. ಸಾಮಾನ್ಯವಾಗಿ ಮಾರ್ಮನ್ನರೆಂದು ಕರೆಯಲ್ಪಡುವ ಪಂಥಕ್ಕೆ ಸೇರಿದ ತರುಣ ಮಿಷನರಿಗಳು. ಈ ಹುಡುಗರ ವಿಷಯವನ್ನು ನಾನೇಕೆ ಎತ್ತಿಕೊಂಡೆನೆಂದು ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೊಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ತರಗತಿಯಲ್ಲಿಯೂ ನಾನು ಪಾಠದ ಕಾರಣವನ್ನು ಕಡೆಗೇ ಹೇಳುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು.

ಈ ಪಂಥವನ್ನು 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ. ಈಗ ಅದರ ಕೇಂದ್ರ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರದಲ್ಲಿದೆ. ಬೈಬಲ್ಲಿನೊಡನೆ ‘ಮಾರ್ಮನ್ ಗ್ರಂಥ’ವೆಂಬ ಇನ್ನೊಂದು ಪುಸ್ತಕವನ್ನೂ ಇವರು ಪವಿತ್ರವೆಂದು ನಂಬುತ್ತಾರೆ. 1993ರಲ್ಲಿ ಬೆಂಗಳೂರು ಇವರ ಭಾರತದ ಕಾರ್ಯಕ್ಕೆ ಕೇಂದ್ರವಾಯಿತು. ಭಾರತದಲ್ಲಿ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿದರು. ಇವರ ಸಿದ್ಧಾಂತವನ್ನು ವಿಮರ್ಶಿಸುವುದು ನನ್ನ ಉದ್ದೇಶವಲ್ಲ. ನನ್ನ ಕುತೂಹಲವಿರುವುದು ಇವರ ಹುಡುಗರ ದಿನಚರಿಯಲ್ಲಿ.

ಹದಿನೆಂಟು ತುಂಬಿದ ಗಂಡುಹುಡುಗ ಎರಡು ವರ್ಷ ಮನೆ ಬಿಟ್ಟು ಈ ಸೇವೆಗೆ ಹೋಗುತ್ತಾನೆ. ಹೆಣ್ಣುಮಕ್ಕಳು ಹೋಗುವುದಾದರೆ ಹದಿನೆಂಟು ತಿಂಗಳು. 2012ಕ್ಕೆ ಮೊದಲು ಗಂಡುಮಕ್ಕಳಿಗೆ ಹತ್ತೊಂಬತ್ತು ತುಂಬಬೇಕಿತ್ತು. ಸಂಬಳವೆಂಬುದಿಲ್ಲ. ಬಹುಮಟ್ಟಿಗೆ ಖರ್ಚನ್ನು ತಾನೋ ತನ್ನ ಮನೆಯವರೋ ಹೊರಬೇಕು. ಯಾವ ದೇಶ, ಯಾವ ಊರು ಎಂಬುದನ್ನು ಆರಿಸಿಕೊಳ್ಳುವ ಹಕ್ಕು ಅವನಿಗಿಲ್ಲ. ಕಳುಹಿಸಿದಲ್ಲಿಗೆ ಹೋಗಬೇಕು, ಅಲ್ಲಿಯ ಭಾಷೆಯನ್ನು ಕಲಿಯಬೇಕು. ಬೆಳಿಗ್ಗೆ ಆರೂವರೆಗೆ ಏಳುವುದು, ಪ್ರಾರ್ಥನೆ, ವ್ಯಾಯಾಮ, ಒಬ್ಬನೇ ಕುಳಿತು ಅಧ್ಯಯನ, ಜೊತೆಗಾರನೊಡನೆ ಅಧ್ಯಯನ, ಆಮೇಲೆ ಬೀದಿ. ರಾತ್ರಿ ಹತ್ತೂವರೆಗೆ ದೀಪ ಆರಿಸುವುದು. ಇದು ಅವರ ದಿನಚರಿಯ ರೂಢಿಯ ಚೌಕಟ್ಟು. ಯಾವ ಕಾಲಕ್ಕೂ ಒಂಟಿಯಾಗಿರುವಂತಿಲ್ಲ. ಜೊತೆಗಾರನನ್ನು ತಾನೇ ಆರಿಸಿಕೊಳ್ಳುವಂತೆಯೂ ಇಲ್ಲ. ಸಿನಿಮಾ ಇಲ್ಲ, ಪ್ರೇಮ ಪ್ರಸಂಗಗಳಂತೂ ಇಲ್ಲವೇ ಇಲ್ಲ. ವಾರದಲ್ಲೊಂದು ದಿನ ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಬರೆಯಲು ಬಿಡುವು. 2019ರವರೆಗೆ ಮನೆಯವರೊಡನೆ ದೂರವಾಣಿಯಲ್ಲಿ ಮಾತನಾಡಲು ವರ್ಷಕ್ಕೆ ಎರಡೇ ಸಲ ಅವಕಾಶವಿತ್ತು, ಒಂದು ಕ್ರಿಸ್ಮಸ್ಸಿಗೆ, ಇನ್ನೊಂದು ತಾಯಂದಿರ ದಿನಕ್ಕೆ. ಆ ವರ್ಷದಿಂದ ವಾರಕ್ಕೊಮ್ಮೆ ಮಾತನಾಡಬಹುದೆಂದಾಯಿತು.

ಇದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ನಮ್ಮ ಹಿಂದಿನ ವಾರಾನ್ನದ ಹುಡುಗರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಊಟ ಗೊತ್ತು ಮಾಡಿಕೊಂಡು, ಯಾರದೋ ಜಗಲಿಯಲ್ಲಿ ಮಲಗಿ ಓದಿದವರು. ಅವರು ಅನ್ನಕ್ಕಾಗಿ ಬಾಗಿಲು ತಟ್ಟಿದರು. ಇವರು ತಟ್ಟುವುದು ನಂಬಿಕೆಗಾಗಿ. ತಟ್ಟಿದ ಬಾಗಿಲು ಬಹಳ ಸಲ ತೆರೆಯುವುದಿಲ್ಲ, ತೆರೆದರೂ ಬೇಗ ಮುಚ್ಚುತ್ತದೆ ಎಂಬುದು ಇಬ್ಬರಿಗೂ ಸಮಾನ.

ಇಂತಹ ಹುಡುಗರು ನಮ್ಮ ಸೀಮೆಗೆ ಹೊಸಬರಲ್ಲ. ಪಂಥ ಬೇರೆ, ಕಾಲ ಬೇರೆ. ಆದರೆ ಸುಮಾರು ನೂರ ಎಂಬತ್ತೈದು ವರ್ಷಗಳ ಹಿಂದೆ ಇದೇ ವಯಸ್ಸಿನ ಹುಡುಗನೊಬ್ಬ ಇದೇ ಕೆಲಸಕ್ಕಾಗಿ ನಮ್ಮ ಜಿಲ್ಲೆಯ ಗುಬ್ಬಿಗೆ ಬಂದಿದ್ದ. ಈ ಬರಹ ಮುಖ್ಯವಾಗಿ ಅವನನ್ನು ಕುರಿತದ್ದು.

ಹುಲಿಯೂರುದುರ್ಗದ ನಮಗೆ ಗುಬ್ಬಿ ದೂರದ ಊರೇನಲ್ಲ. ಕುಣಿಗಲ್ಲಿನ ಮೇಲೆ ತುಮಕೂರಿಗೆ ಹೋಗಿ, ಅಲ್ಲಿಂದ ಪಡುವಣಕ್ಕೆ ಸುಮಾರು 20 ಕಿಲೋಮೀಟರು ಸಾಗಿದರೆ ಗುಬ್ಬಿ. ಇಂದು ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ, ಕನ್ನಡ ಓದಿದವರಿಗೆ ಹದಿನಾರನೆಯ ಶತಮಾನದ ಕವಿ ಗುಬ್ಬಿಯ ಮಲ್ಲಣಾರ್ಯ ನೆನಪಾಗುತ್ತಾನೆ, ಭಕ್ತರಿಗೆ ಚನ್ನಬಸವೇಶ್ವರಸ್ವಾಮಿ ನೆನಪಾಗುತ್ತಾನೆ. ಆದರೆ ಹಿಂದಿನ ಕಾಲದಲ್ಲಿ ಅದು ಪ್ರಸಿದ್ಧವಾಗಿದ್ದುದು ಸಂತೆಗೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ವ್ಯಾಪಾರದ ಊರೆಂದೇ ವರ್ಣಿಸಿದ್ದಾನೆ. ಎಲ್ಲೆಡೆಯ ಜನ ಬಂದು ಸೇರುವ ಊರೆಂದರೆ ಮಾತು ಹೇಳಬೇಕೆಂದು ಬಂದವನಿಗೂ ಅನುಕೂಲವಷ್ಟೆ. ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ತಾಮಸ್ ಹಾಡ್ಸನ್ ಅವರು 1837ರಲ್ಲಿ ಗುಬ್ಬಿಯಲ್ಲಿ ಒಂದು ಠಾಣ್ಯವನ್ನು ಆರಂಭಿಸಿದರು. ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತ ನಡೆಯಿತು, ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ದಿನಗಳು ಅವು.

1839ರಲ್ಲಿ ಗುಬ್ಬಿಗೆ ಬಂದವನ ಹೆಸರು ವಿಲಿಯಂ ಆರ್ಥರ್. ಐರ್ಲೆಂಡಿನಲ್ಲಿ 1819ರಲ್ಲಿ ಹುಟ್ಟಿದವನು, ಅಂದರೆ ವಯಸ್ಸು ಇಪ್ಪತ್ತು. ನನ್ನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ದೊಡ್ಡವನು, ಅಷ್ಟೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಬಳಸಿ ಬರಬೇಕಿತ್ತು. ಇಂಗ್ಲೆಂಡಿನಿಂದ ಮದರಾಸಿಗೆ ನಾಲ್ಕು ತಿಂಗಳ ಪ್ರಯಾಣ ಸಾಮಾನ್ಯ. ಅಲ್ಲಿಂದ ರೈಲಿಲ್ಲ. ಪಾಲಕಿ, ಕುದುರೆ ಅಥವಾ ಎತ್ತಿನ ಗಾಡಿ. ಇಷ್ಟು ದೂರ ಬಂದವನು ತನ್ನ ಅನುಭವಗಳನ್ನು ಮುಂದೆ 1847ರಲ್ಲಿ ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕವಾಗಿ ಪ್ರಕಟಿಸಿದ. ಗುಬ್ಬಿಯ ಹೆಸರು ಲಂಡನ್ನಿನಲ್ಲಿ ಅಚ್ಚಾದದ್ದು ಹೀಗೆ.

ಅಂದಿನ ಮಿಷನರಿಗಳ ಬರಹಗಳಿಂದ ಇಂತಹ ಠಾಣ್ಯಗಳ ದಿನಚರಿ ಸ್ಥೂಲವಾಗಿ ತಿಳಿದುಬರುತ್ತದೆ. ಬಿಸಿಲೇರುವ ಮೊದಲೇ ಎದ್ದು ಪ್ರಾರ್ಥನೆ ಮುಗಿಸಿ ಹತ್ತಿರದ ಯಾವುದಾದರೊಂದು ಹಳ್ಳಿಗೆ ಹೋಗುವುದು; ಅಲ್ಲಿ ಚಾವಡಿಯಲ್ಲೋ ಅರಳಿಕಟ್ಟೆಯ ಬಳಿಯಲ್ಲೋ ನಿಂತು ಕೂಡಿದವರೊಡನೆ ಮಾತನಾಡುವುದು; ಬಿಸಿಲಿನ ಹೊತ್ತಿಗೆ ಹಿಂತಿರುಗಿ ಮುನ್ಷಿಯ ಬಳಿ ಕನ್ನಡ ಪಾಠ; ಮಿಷನ್ನಿನ ಶಾಲೆಯಿದ್ದರೆ ಅದರ ತಪಾಸಣೆ; ಸಂಜೆ ಪೇಟೆಬೀದಿ; ಸಂತೆಯ ದಿನ ಪೂರ್ತಿ ಸಂತೆಯಲ್ಲಿ; ಚಳಿಗಾಲದಲ್ಲಿ ಎತ್ತಿನ ಗಾಡಿಗೆ ಡೇರೆ ಹೇರಿಕೊಂಡು ವಾರಗಟ್ಟಲೆ ಹಳ್ಳಿಯಿಂದ ಹಳ್ಳಿಗೆ ಪ್ರವಾಸ. ರಾತ್ರಿ ಎಣ್ಣೆಯ ದೀಪದಲ್ಲಿ ಮನೆಗೆ ಪತ್ರ. ಆ ಪತ್ರ ಹಡಗಿನಲ್ಲಿ ಸುತ್ತಿಕೊಂಡು ಹೋದರೆ ಉತ್ತರ ಬರುವ ಹೊತ್ತಿಗೆ ಮುಕ್ಕಾಲು ವರ್ಷ ಕಳೆದಿರುತ್ತಿತ್ತು. ಮನೆಯವರು ಸುಖವೇ ಎಂದು ಆಷಾಢದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರುವುದು ಯುಗಾದಿಗೆ. ಕಾಲರಾ, ಚಳಿಜ್ವರಗಳ ಭಯ ಸದಾ ಬೆನ್ನಿಗಿತ್ತು. ಚಳಿಜ್ವರಕ್ಕೆ ಸೊಳ್ಳೆ ಕಾರಣವೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಹೀಗಾಗಿ ಜ್ವರ ಎಲ್ಲಿಂದ ಬರುತ್ತದೆಂಬುದೇ ಆಗ ಯಾರಿಗೂ ತಿಳಿಯದು.

ಎಲ್ಲಕ್ಕಿಂತ ಕಷ್ಟವಾದ ಕೆಲಸ ಯಾವುದೆಂದರೆ ಕನ್ನಡ. ಇಲ್ಲಿ ಕನ್ನಡ ಮೇಷ್ಟರಾದ ನನ್ನ ಕಿವಿ ನೆಟ್ಟಗಾಗುವುದು ಸಹಜ. ಇಂಗ್ಲಿಷ್ ನಾಲಿಗೆಗೆ ನಮ್ಮ ‘ತ’ ಬೇರೆ ‘ಟ’ ಬೇರೆ ಎಂಬುದು ಮೊದಲಿಗೆ ಕೇಳಿಸುವುದೇ ಇಲ್ಲ. ‘ಲ’ಕಾರ ‘ಳ’ಕಾರಗಳ ಭೇದವಂತೂ ಇನ್ನೂ ಕಠಿಣ. ಸಂತೆಯಲ್ಲಿ ನಿಂತು ‘ಕಲ್ಲು’ ಎನ್ನಬೇಕಾದಲ್ಲಿ ‘ಕಳ್ಳು’ ಎಂದರೆ ಮದ್ಯಪಾನವನ್ನು ವಿರೋಧಿಸುವ ಪಾದ್ರಿಯ ಗತಿಯೇನು? ‘ಹೇಳು’ ಎಂಬ ಸಾಧುವಾದ ಕ್ರಿಯಾಪದದ ಳಕಾರ ತಪ್ಪಿದರೆ ಏನಾಗುತ್ತದೆಂಬುದನ್ನು ನಾನಿಲ್ಲಿ ಬರೆಯಲಾರೆ, ನೀವೇ ಊಹಿಸಿಕೊಳ್ಳಿ. ಇದರ ಜೊತೆಗೆ ‘ನೀನು’, ‘ನೀವು’, ‘ತಾವು’ ಎಂಬ ಮೂರು ಮೆಟ್ಟಿಲು. ಇಂಗ್ಲಿಷಿನ ಒಂದೇ ಮಾತಿಗೆ ನಮ್ಮಲ್ಲಿ ಮೂರು ಮಾತು. ಯಾರಿಗೆ ಯಾವುದೆಂದು ತಿಳಿಯದಿದ್ದರೆ ಮಾತನಾಡುವ ಮೊದಲೇ ಜಗಳ.

ಇನ್ನೂ ಒಂದು ತೊಡಕಿತ್ತು. ಮುನ್ಷಿ ಕಲಿಸುವುದು ಗ್ರಂಥದ ಕನ್ನಡ. ಹಳ್ಳಿಯವನಾಡುವುದು ಹಳ್ಳಿಯ ಕನ್ನಡ. ಮುನ್ಷಿಯ ‘ಹಾಲು’ ಹಳ್ಳಿಯಲ್ಲಿ ‘ಆಲು’, ಮುನ್ಷಿಯ ‘ಹೋಗುತ್ತೇನೆ’ ಹಳ್ಳಿಯಲ್ಲಿ ‘ಓಯ್ತೀನಿ’. ಪುಸ್ತಕದ ಕನ್ನಡವನ್ನು ಕಷ್ಟಪಟ್ಟು ಕಲಿತು ಬಂದವನಿಗೆ ತಾನು ಹೇಳಿದ್ದು ಜನರಿಗೆ ತಿಳಿಯದು, ಜನ ಹೇಳಿದ್ದು ತನಗೆ ತಿಳಿಯದು. ಪುನಃ ಮೊದಲಿನಿಂದ ಕಲಿಯಬೇಕು, ಈ ಸಲ ಗುರು ಮುನ್ಷಿಯಲ್ಲ, ದನ ಕಾಯುವ ಹುಡುಗ, ಸಂತೆಯ ತರಕಾರಿಯವಳು.

ಮತಕ್ಕೆ ಸಂಬಂಧಿಸಿದ ಮಾತುಗಳಲ್ಲಂತೂ ಭಾಷೆಯೇ ಎದುರಾಳಿಯಾಗಿ ನಿಲ್ಲುತ್ತಿತ್ತು. ದೇವರು ಒಬ್ಬನೇ ಎಂದು ಸಾರಲು ಬಂದವನಿಗೆ ಕನ್ನಡದಲ್ಲಿ ಸಿಕ್ಕ ಪದ ‘ದೇವರು’. ರೂಪದಲ್ಲಿ ಅದು ಬಹುವಚನ, ಗೌರವಕ್ಕಾಗಿ ನಾವು ಬಳಸುವ ಬಹುವಚನ. ಹಳೆಯ ಕನ್ನಡ ಬೈಬಲ್ಲನ್ನು ತೆರೆದು ನೋಡಿ: ‘ದೇವರು’ ಎಂಬ ಕರ್ತೃಪದಕ್ಕೆ ‘ಮಾಡಿದನು’ ಎಂಬಂತಹ ಏಕವಚನದ ಕ್ರಿಯಾಪದ ಕಾಣುತ್ತದೆ. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ. ಆದರೆ ಅಲ್ಲಿ ಅದು ವ್ಯಾಕರಣದ ಅಜ್ಞಾನದಿಂದ ಆದದ್ದಲ್ಲವೆಂದು ನನ್ನ ಎಣಿಕೆ. ನಮ್ಮ ಗೌರವವನ್ನೂ ತಮ್ಮ ಏಕದೇವ ನಂಬಿಕೆಯನ್ನೂ ಒಂದೇ ವಾಕ್ಯದಲ್ಲಿ ಹೊಂದಿಸಲು ನಡೆಸಿದ ಹೋರಾಟ ಅದು.

ಈ ಹುಡುಗರ ಮಾತನ್ನು ನಮ್ಮ ಜನ ಹೇಗೆ ಕೇಳಿದರು? ಸಿಟ್ಟಾದವರಿದ್ದರು, ನಕ್ಕು ಮುಂದೆ ಹೋದವರಿದ್ದರು, ಬೆಳ್ಳಗಿನವನು ಕನ್ನಡ ಮಾತನಾಡುವ ಸೋಜಿಗವನ್ನು ನೋಡಲೆಂದೇ ನಿಂತವರೂ ಇದ್ದರು. ವಾದಕ್ಕೆ ನಿಂತವರೂ ಕಡಿಮೆಯಿಲ್ಲ. ಗುಬ್ಬಿಯ ಸುತ್ತ ವೀರಶೈವ ಸಂಪ್ರದಾಯ ಬಲವಾಗಿ ಬೇರೂರಿದ ಸೀಮೆ. ವಿಗ್ರಹಾರಾಧನೆಯನ್ನು ಖಂಡಿಸಲು ಬಂದವನೆದುರಿಗೆ, ಗುಡಿಯ ವಿಗ್ರಹವನ್ನು ನೆಚ್ಚದೆ ಅಂಗೈಯ ಇಷ್ಟಲಿಂಗವನ್ನೇ ಪೂಜಿಸುವ, ವಚನಗಳನ್ನು ಬಾಯಲ್ಲಿ ಇಟ್ಟುಕೊಂಡ ಜಂಗಮನೊಬ್ಬ ನಿಂತರೆ ಊರಿನಿಂದ ಸಿದ್ಧಪಡಿಸಿಕೊಂಡು ಬಂದ ವಾದ ನಡೆಯುವುದಿಲ್ಲ. ನಿಮ್ಮ ದಾರಿ ನಿಮಗೆ, ನಮ್ಮ ಹಿರಿಯರ ದಾರಿ ನಮಗೆ ಎಂಬ ಮಾತನ್ನು ಮಿಷನರಿಗಳು ಎಲ್ಲ ಊರುಗಳಲ್ಲಿಯೂ ಕೇಳಿದರು. ಅವರಿಗೆ ಅದು ಸೋಮಾರಿತನದ ಉತ್ತರವಾಗಿ ಕಂಡಿತು. ನಮಗೆ ಅದು ಸಾವಿರ ವರ್ಷ ಒಟ್ಟಿಗೆ ಬಾಳಿದವರು ಕಂಡುಕೊಂಡ ವಿವೇಕವಾಗಿ ಕಾಣುತ್ತದೆ.

ಈ ವಿಷಯದಲ್ಲಿ ನಾನು ಮುಚ್ಚುಮರೆ ಮಾಡುವುದಿಲ್ಲ. ಅವರ ಬರಹಗಳಲ್ಲಿ ನಮ್ಮ ದೇವರುಗಳನ್ನು, ನಮ್ಮ ಜಾತ್ರೆಗಳನ್ನು ಕುರಿತು ಬರುವ ಮಾತುಗಳು ಇಂದಿಗೂ ಮನಸ್ಸಿಗೆ ನೋವುಂಟುಮಾಡುತ್ತವೆ. ಆಳುವವರ ಬಣ್ಣವೇ ತಮ್ಮ ಬಣ್ಣವೂ ಆಗಿದ್ದುದರಿಂದ ದೊರೆತ ರಕ್ಷಣೆಯನ್ನು ಅವರು ಸಾಕಷ್ಟು ಗಮನಿಸಿದಂತೆಯೂ ಕಾಣುವುದಿಲ್ಲ. ಮತಾಂತರದಿಂದ ಮನೆಗಳು ಒಡೆದದ್ದೂ ನಿಜ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ನಡೆಸುತ್ತಿದ್ದ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕ್ಷೋಭೆಗೊಳಗಾಯಿತು. ಆತನೂ ಇಪ್ಪತ್ತರ ಆಸುಪಾಸಿನ ಹುಡುಗನೇ. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ವಿದ್ಯೆ ಮುಗಿಸಿ 1851ರಲ್ಲಿ ತಾನೇ ಮಿಷನರಿಯಾಗಿ ಹಿಂತಿರುಗಿದ. ಕೊಡಗಿನ ಆನಂದಪುರ ಎಂಬ ಊರಿಗೆ ಆತನ ಹೆಸರನ್ನೇ ಇಟ್ಟರು. ಮಿಷನ್ನಿನ ಚರಿತ್ರೆಯಲ್ಲಿ ಇದು ಸಂತೋಷದ ಅಧ್ಯಾಯ. ಆದರೆ ಮಗನನ್ನು ಕಳೆದುಕೊಂಡ ಮನೆಯಲ್ಲಿ ಅಂದು ಒಲೆ ಹೇಗೆ ಹೊತ್ತಿತೆಂದು ಯಾರೂ ಬರೆದಿಟ್ಟಿಲ್ಲ. ಸೇವೆ ಮಾಡುವವನ ತ್ಯಾಗದ ಜೊತೆಗೆ, ಆ ಸೇವೆಗಾಗಿ ಇತರರು ತೆತ್ತ ಬೆಲೆಯನ್ನೂ ಎಣಿಸುವುದು ನ್ಯಾಯ.

ಆರ್ಥರನ ಸೇವೆ ಎಷ್ಟು ದಿನ ನಡೆಯಿತು? ಆರೋಗ್ಯ ಕೆಟ್ಟು 1841ರಲ್ಲಿಯೇ ಆತ ಇಂಗ್ಲೆಂಡಿಗೆ ಮರಳಬೇಕಾಯಿತು. ಸುಮಾರು ಎರಡು ವರ್ಷ. ಇಂದಿನ ಮಾರ್ಮನ್ ಹುಡುಗರ ಅವಧಿಯಷ್ಟೇ. ಮುಂದೆ ತನ್ನ ದೇಶದಲ್ಲಿ ದೊಡ್ಡ ಹೆಸರು ಪಡೆದು 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷನಾದ, ಬೆಲ್ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಮೊದಲ ಅಧ್ಯಕ್ಷನಾದ, 1901ರಲ್ಲಿ ತೀರಿಕೊಂಡ. ಗುಬ್ಬಿಯನ್ನು ಆತ ಬದಲಾಯಿಸಲಿಲ್ಲ. ಸಂತೆ ನಡೆಯುತ್ತಲೇ ಇತ್ತು, ಚನ್ನಬಸವೇಶ್ವರನ ತೇರು ಎಳೆಯುತ್ತಲೇ ಇದ್ದರು. ಲೆಕ್ಕದ ಪುಸ್ತಕ ಹಿಡಿದು ನೋಡುವವರಿಗೆ ಆ ಎರಡು ವರ್ಷ ನಷ್ಟದ ಬಾಬತ್ತು. ಆದರೆ ಇಪ್ಪತ್ತರಲ್ಲಿ ಬಂದವನಿಗೆ ಇಪ್ಪತ್ತೆಂಟರಲ್ಲಿ ಬರೆಯಲು ಇಡೀ ಒಂದು ಪುಸ್ತಕದಷ್ಟು ಸಾಮಗ್ರಿಯನ್ನು ಕೊಟ್ಟದ್ದು ನಮ್ಮ ಗುಬ್ಬಿ. ಬದಲಾದದ್ದು ಊರಲ್ಲ, ಹುಡುಗ.

ಆತನ ಓರಗೆಯವರನ್ನೂ ಹಿರಿಯರನ್ನೂ ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಗುಬ್ಬಿಯ ಠಾಣ್ಯವನ್ನು ಆರಂಭಿಸಿದ ಹಾಡ್ಸನ್ ಅವರು ಮುಂದೆ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು, ಅದರ ಎರಡನೆಯ ಮುದ್ರಣ 1864ರಲ್ಲಿ ಬಂದಿತು. ಅದೇ ಮಿಷನ್ನು 1840ರಲ್ಲಿ ಬೆಂಗಳೂರಿನಲ್ಲಿ ಒಂದು ಮುದ್ರಣಾಲಯವನ್ನು ಸ್ಥಾಪಿಸಿತು. ಜಾನ್ ಗ್ಯಾರೆಟ್ ಅದರ ಮೇಲ್ವಿಚಾರಕರು. ಆ ದಶಕದಲ್ಲಿ ಆ ಮುದ್ರಣಾಲಯದಿಂದ ಹೊರಬಂದ ಪುಸ್ತಕಗಳಲ್ಲಿ ಒಂದು ಯಾವುದೆಂದು ಬಲ್ಲಿರಾ? ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಸಿದ್ಧಪಡಿಸಿದ ಭಗವದ್ಗೀತೆ. 1852ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅವರು ಲಕ್ಷ್ಮೀಶನ ಜೈಮಿನಿ ಭಾರತದ ಭಾಗವನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ಪ್ರಕಟಿಸಿದರು. ಮಂಗಳೂರಿನಲ್ಲಿ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಕನ್ನಡದ ಮೊದಲ ಪತ್ರಿಕೆ ಅದು. ಮುಂದೆ ನಮ್ಮ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಮಾಡಿಸಿದರು. 1853ರಲ್ಲಿ ಇಪ್ಪತ್ತೊಂದು ವರ್ಷದ ಜರ್ಮನ್ ತರುಣನೊಬ್ಬ ಬಂದಿಳಿದ. ಆತನೇ ಫರ್ಡಿನಾಂಡ್ ಕಿಟೆಲ್. ಆತನ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ, ಅಂದರೆ ಬಂದ ನಲವತ್ತೊಂದು ವರ್ಷಗಳ ಮೇಲೆ.

ಇವರೆಲ್ಲರೂ ಬಂದದ್ದು ನಮಗೆ ಏನನ್ನೋ ಕಲಿಸಲು. ಕಾಲ ಉಳಿಸಿಕೊಂಡದ್ದು ಅವರು ನಮ್ಮಿಂದ ಏನನ್ನು ಕಲಿತರೋ ಅದನ್ನು. ಅವರ ಉಪದೇಶಗಳ ಹಾಳೆಗಳು ಇಂದು ಎಲ್ಲಿವೆಯೋ! ಆದರೆ ಕಿಟೆಲ್ ಕೋಶ ನನ್ನ ಮೇಜಿನ ಮೇಲಿದೆ. ಹಳ್ಳಿಯವರ ಬಾಯಿಂದ ಕೇಳಿದ ಗಾದೆಗಳನ್ನು ಅದರಲ್ಲಿ ಎಷ್ಟೊಂದು ಜೋಪಾನವಾಗಿ ಇಟ್ಟಿದ್ದಾರೆಂದರೆ, ನಮ್ಮ ಅಜ್ಜಿಯಂದಿರ ದನಿಯನ್ನೇ ಅಚ್ಚಿನಲ್ಲಿ ಕೇಳಿದಂತಾಗುತ್ತದೆ. ಇದನ್ನು ನಾನು ಬರೆಯುವುದು ನಮ್ಮ ಬಂಧುಗಳಲ್ಲಿ ಕೆಲವರಿಗೆ ರುಚಿಸದಿರಬಹುದು. ‘ಪರಧರ್ಮದವರನ್ನು ಇಷ್ಟು ಹೊಗಳಬೇಕೆ?’ ಎಂದು ಹಿಂದೊಮ್ಮೆ ಕೇಳಿದವರಿದ್ದಾರೆ. ನನ್ನ ಉತ್ತರ ಇಷ್ಟೇ: ಅವರ ಧರ್ಮವನ್ನು ಹೊಗಳುತ್ತಿಲ್ಲ, ಅವರ ವಿದ್ಯಾರ್ಥಿತನವನ್ನು ಹೊಗಳುತ್ತಿದ್ದೇನೆ.

ಈ ಮಾತಿನ ಸತ್ಯವನ್ನು ನಾನು ಪುಸ್ತಕದಿಂದ ಮಾತ್ರ ತಿಳಿದವನಲ್ಲ. ನನಗೆ ಮೊದಲ ನೌಕರಿ ದೊರೆತಾಗ ಇಪ್ಪತ್ತೆರಡು ವರ್ಷ. ಹುಲಿಯೂರುದುರ್ಗದ ಪೇಟೆಯಲ್ಲಿ, ಬೆಟ್ಟದ ಕೋಟೆಯನ್ನು ದಿನವೂ ನೋಡುತ್ತ ಬೆಳೆದ ನಾನು ಹೊಲದ ಬದುಕನ್ನು ಬಲ್ಲವನಲ್ಲ. ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿಗೆ ನನ್ನನ್ನು ಹಾಕಿದರು. ಬಸ್ಸು ಇಳಿದು ಒಂದೂವರೆ ಗಂಟೆ ನಡೆಯಬೇಕು. ಗೌಡರ ಮನೆಯ ಹಿಂದಿನ ಒಂದು ಕೋಣೆ, ಸೀಮೆಎಣ್ಣೆಯ ಒಲೆ, ಒಂದು ಲಾಟೀನು. ಪಂಪ, ರನ್ನ, ಕುಮಾರವ್ಯಾಸರನ್ನು ಓದಿ ಬಂದಿದ್ದೆ. ಆದರೆ ಆ ಊರಿನ ಮಕ್ಕಳಾಡುತ್ತಿದ್ದ ಕೂರಿಗೆ, ಅಕ್ಕಡಿ, ರೋಣಗಲ್ಲು, ಮೆದೆ, ಹಗೇವು ಎಂಬ ಮಾತುಗಳಲ್ಲಿ ಅರ್ಧಕ್ಕರ್ಧ ನನಗೆ ಹೊಸತು. ಒಂದು ದಿನ ಪಾಠದಲ್ಲಿ ‘ಕಣಜ’ ಎಂಬ ಪದ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಕಣಜಕ್ಕೂ ಹಗೇವಿಗೂ ಇರುವ ವ್ಯತ್ಯಾಸವನ್ನು ವಿವರಿಸಿದ. ಕಣಜ ನೆಲದ ಮೇಲಿನದು, ಹಗೇವು ನೆಲದೊಳಗಿನದು. ಹಗೇವಿನ ಬಾಯಿ ತೆರೆದ ಕೂಡಲೇ ಒಳಗಿಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇಷ್ಟನ್ನು ಹನ್ನೆರಡು ವರ್ಷದ ಹುಡುಗ ನಿಂತು ಹೇಳಿದ. ಅಂದಿನಿಂದ ನಾನು ಒಂದು ನೋಟುಪುಸ್ತಕ ಇಟ್ಟುಕೊಂಡು ಮಕ್ಕಳ ಮಾತುಗಳನ್ನು ಬರೆದುಕೊಳ್ಳತೊಡಗಿದೆ. ನನ್ನನ್ನು ಮೇಷ್ಟರನ್ನಾಗಿ ಮಾಡಿದ್ದು ಆ ಪುಸ್ತಕವೇ. ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಇದನ್ನು ಓದುತ್ತಿದ್ದರೆ ಅವನಿಗೆ ನನ್ನ ನಮಸ್ಕಾರ.

ಈಗ ಮೊದಲೇ ಹೇಳಿದ ಕಾರಣಕ್ಕೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಪತ್ರ ಬರೆದಿದ್ದಾರೆ. ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ, ಒಳ್ಳೆಯ ಸಂಬಳದ ಕೆಲಸವೂ ಸಿಕ್ಕಿದೆ. ಆದರೆ ಅವನು ಎರಡು ವರ್ಷ ಉತ್ತರ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಲು ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಅವರ ಬೀದಿಯಲ್ಲಿ ಓಡಾಡುವ ಆ ಬಿಳಿಯಂಗಿಯ ಹುಡುಗರನ್ನು ತೋರಿಸಿ, ‘ತಮ್ಮ ಮತಕ್ಕಾಗಿ ಅವರು ಎರಡು ವರ್ಷ ಕೊಡಬಹುದಾದರೆ ಮಕ್ಕಳಿಗಾಗಿ ನಾನೇಕೆ ಕೊಡಬಾರದು?’ ಎಂದು ಕೇಳಿದನಂತೆ. ‘ಮೇಷ್ಟ್ರೇ, ನಿ಼ಮ್ಮ ಮಾತೆಂದರೆ ಅವನಿಗೆ ಗೌರವ. ನೀವಾದರೂ ಬುದ್ಧಿ ಹೇಳಿ’ ಎಂಬುದು ತಾಯಿಯ ಕೋರಿಕೆ. ಮನೆಯಲ್ಲಿ ತಂದೆ ಮಗನೊಡನೆ ಮಾತು ಬಿಟ್ಟಿದ್ದಾರೆ.

ತಾಯೀ, ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. ಮನೆಯ ಸಾಲ, ತಂಗಿಯ ಓದು, ಎಲ್ಲವನ್ನೂ ನೀನು ಬರೆದಿದ್ದೀಯೆ. ಇವು ಹಗುರವಾದ ಮಾತುಗಳಲ್ಲ. ಆದುದರಿಂದ ಮೊದಲು ಅವನಿಗೆ ಹೇಳಬೇಕಾದುದನ್ನು ಹೇಳುತ್ತೇನೆ. ಮಗು, ನಿನ್ನ ಸೇವೆಯ ಖರ್ಚನ್ನು ಯಾರು ಹೊರುತ್ತಾರೆಂದು ಲೆಕ್ಕ ಹಾಕು. ಸೇವೆ ನಿನ್ನದು, ಬೆಲೆ ತಂಗಿಯದು ಎಂದಾಗಬಾರದು. ಕೆಲಸ ಕೊಟ್ಟ ಕಂಪನಿಯನ್ನು ಕಾಲಾವಕಾಶ ಕೇಳು. ಸಾಲದ ಕಂತಿಗೆ ದಾರಿ ಮಾಡಿಕೊಂಡು ಹೊರಡು, ಅದಕ್ಕಾಗಿ ಒಂದು ವರ್ಷ ದುಡಿದು ಆಮೇಲೆ ಹೋದರೂ ಶಾಲೆ ಓಡಿಹೋಗುವುದಿಲ್ಲ. ಎರಡನೆಯದಾಗಿ, ಉದ್ಧಾರ ಮಾಡಲು ಹೋಗುತ್ತಿದ್ದೇನೆಂಬ ಭಾವನೆಯಿದ್ದರೆ ಅದನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಹೋಗು. ಆ ಹಳ್ಳಿಯ ಕನ್ನಡ ನಿನ್ನ ಕನ್ನಡವಲ್ಲ. ಮೊದಲ ಆರು ತಿಂಗಳು ನೀನೇ ವಿದ್ಯಾರ್ಥಿ. ಜೋಳದ ರೊಟ್ಟಿ ತಟ್ಟುವ ಅಮ್ಮನಿಂದ, ಶಾಲೆಯ ಹಿರಿಯ ಶಿಕ್ಷಕರಿಂದ ಕಲಿ. ಅವರು ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ, ನೀನು ಎರಡು ವರ್ಷದ ಅತಿಥಿ.

ಇನ್ನು ನಿನಗೂ ನಿನ್ನ ಯಜಮಾನರಿಗೂ ಹೇಳುವ ಮಾತು. ಹೊರಡಬೇಡವೆಂದು ನಾನು ಅವನಿಗೆ ಹೇಳಲಾರೆ. ಎರಡು ವರ್ಷದಲ್ಲಿ ಅವನು ಆ ಊರನ್ನು ಬದಲಾಯಿಸುವುದಿಲ್ಲ. ಹಲವು ಮಕ್ಕಳಿಗೆ ಭಿನ್ನರಾಶಿ ತಿಳಿದರೆ ಅದೇ ದೊಡ್ಡದು. ಆದರೆ ಅವನು ಬದಲಾಗುತ್ತಾನೆ. ತನ್ನ ಅಡಿಗೆಯನ್ನು ತಾನು ಮಾಡಿಕೊಂಡು, ತನ್ನ ಬಟ್ಟೆಯನ್ನು ತಾನು ಒಗೆದುಕೊಂಡು, ತನ್ನ ಮಾತನ್ನು ಕೇಳದವರ ನಡುವೆ ತಾಳ್ಮೆಯಿಂದ ದಿನ ಕಳೆದು ಬಂದವನು ಮುಂದೆ ಯಾವ ಕಚೇರಿಯಲ್ಲಿ ಕುಳಿತರೂ ಮನುಷ್ಯರನ್ನು ಬಲ್ಲವನಾಗಿರುತ್ತಾನೆ. ಮಾರ್ಮನ್ನರ ಮನೆಗಳಲ್ಲಿ ಈ ಎರಡು ವರ್ಷಕ್ಕೆ ತಂದೆತಾಯಿಗಳು ಮೊದಲಿನಿಂದಲೂ ಹಣ ಕೂಡಿಸುವುದುಂಟು. ನಾವು ಮದುವೆಗೆ ಕೂಡಿಸುವಂತೆ. ಅವರ ಮತ ನಮಗೆ ಬೇಡ. ಈ ಒಂದು ಪದ್ಧತಿಯನ್ನು ನಮ್ಮ ರೀತಿಯಲ್ಲಿ, ನಮ್ಮ ಮಕ್ಕಳಿಗಾಗಿ ಯೋಚಿಸಬಹುದಲ್ಲವೆ? ಮಗನೊಡನೆ ಮಾತು ಬಿಡುವುದನ್ನಂತೂ ಇಂದೇ ನಿಲ್ಲಿಸಬೇಕೆಂದು ನಿನ್ನ ಯಜಮಾನರಿಗೆ ನನ್ನ ಪ್ರಾರ್ಥನೆ. ಹೊರಡುವವನ ಕಿವಿಯಲ್ಲಿ ಕಡೆಯದಾಗಿ ಉಳಿಯಬೇಕಾದದ್ದು ತಂದೆಯ ದನಿ.

ಗುಬ್ಬಿಯಲ್ಲಿ ಆರ್ಥರನಿಗೆ ಕನ್ನಡ ಕಲಿಸಿದ ಮುನ್ಷಿಯನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ತನ್ನ ಧರ್ಮವನ್ನು ಖಂಡಿಸಲಿರುವ ಹುಡುಗನಿಗೆ, ಖಂಡಿಸಲು ಬೇಕಾದ ಭಾಷೆಯನ್ನು ಅಕ್ಷರ ಅಕ್ಷರವಾಗಿ ತಿದ್ದಿ ಕಲಿಸಿದವನು ಆತ. ಸಂಬಳಕ್ಕಾಗಿ ಕಲಿಸಿರಬಹುದು. ಆದರೂ ‘ಕಳ್ಳು’ ಎಂದವನನ್ನು ತಡೆದು ‘ಕಲ್ಲು’ ಎನ್ನು ಎಂದು ಹತ್ತು ಸಲ ಹೇಳಿಸುವ ಮೇಷ್ಟರ ಸಹನೆ ಸಂಬಳದಿಂದ ಮಾತ್ರ ಬರುವುದಲ್ಲ. ಹೊರಗಿನಿಂದ ಬಂದ ಆ ಹುಡುಗರ ಹೆಸರು ಗ್ರಂಥಗಳಲ್ಲಿ ಉಳಿದಿದೆ, ಉಳಿಯಲಿ. ಅವರಿಗೆ ನಾಲಿಗೆ ಕೊಟ್ಟವರು ನಮ್ಮ ಸೀಮೆಯ ಮೇಷ್ಟರುಗಳು. ಅವರೂ ಸೇವೆಯನ್ನೇ ಮಾಡಿದರು, ಊರು ಬಿಟ್ಟು ಹೋಗದೆ.